ಹಳೆಯ ಸೆಲ್ ತೆಗೆಯುವ ಮುನ್ನ

ಆಗಸ್ಟ್ 25, 2005, ಗುರುವಾರ

ಈ ಡೈರಿಯನ್ನು ಮದುಕ್ಕರೈನ ಸಿಮೆಂಟು ವ್ಯಾಪಾರಿಯೊಬ್ಬರು ಮಾವನಿಗೆ ಕೊಟ್ಟಿದ್ದರು. ಜನವರಿಯಿಂದ ಖಾಲಿ ಬಿದ್ದಿತ್ತು. ತಾಳವಾಡಿಯ ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಕಲಿತ ಅಕ್ಷರ ಮರೆತುಹೋಗಬಾರದೆಂದು ಬರೆಯುತ್ತಿದ್ದೇನೆ. ಪೋತ್ತನೂರಿನ ನಮ್ಮ ಬೀದಿಯಲ್ಲಿ ಇದನ್ನು ಓದಬಲ್ಲವರು ಯಾರೂ ಇಲ್ಲ. ಮಾವನಿಗೂ ತಮಿಳು ಮಾತ್ರ ಓದಲು ಬರುತ್ತದೆ. ಅದೇ ನನಗೆ ಧೈರ್ಯ.

ನಿನ್ನೆ ಮಾವನ ಬಲಗಣ್ಣಿನ ಪೊರೆ ತೆಗೆದರು. ಇನ್ನು ಒಂದೂವರೆ ತಿಂಗಳು ಅವರು ಸಣ್ಣ ಕೆಲಸ ಮಾಡಬಾರದಂತೆ. ಸ್ಟೇಷನ್ ರಸ್ತೆಯ ಅವರ ಗಡಿಯಾರ ರಿಪೇರಿ ಅಂಗಡಿಯಲ್ಲಿ ಇಂದು ನಾನೊಬ್ಬಳೇ ಕೂತೆ. ನಾಲ್ಕು ವರ್ಷದಿಂದ ಕೂರುತ್ತಿದ್ದೇನೆ, ಆದರೆ ಪರದೆಯ ಹಿಂದೆ. ಮಾವ ಮುಂದೆ ಕೂತು ಮಾತಾಡುತ್ತಾರೆ, ನಾನು ಹಿಂದೆ ಕೂತು ಬಿಚ್ಚುತ್ತೇನೆ, ತೊಳೆಯುತ್ತೇನೆ, ಜೋಡಿಸುತ್ತೇನೆ. ಗಿರಾಕಿಗಳಿಗೆ ನಾನೊಬ್ಬಳು ಇರುವುದೂ ಗೊತ್ತಿಲ್ಲ.

ಬೆಳಿಗ್ಗೆ ಹೊರಡುವಾಗ ಮಾವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಹೆದರ್ಕಬ್ಯಾಡ ಕಣ್ಣು. ಗಡಿಯಾರ ಏನು ಹುಲಿಯಾ?" ಎಂದರು. ನನ್ನನ್ನು ಅವರು ಅಕ್ಕರೆಯಿಂದ ಕರೆಯುವುದೇ ಕಣ್ಣು ಎಂದು. ನನಗೆ ಹೆದರಿಕೆ ಗಡಿಯಾರದ್ದಲ್ಲ. ಅದನ್ನು ಹಿಡಿದುಕೊಂಡು ಬರುವವರದ್ದು.

ಇಂದು ಪರದೆಯ ಹಿಂದೆಯೇ ಕೂತಿದ್ದೆ. ಯಾರಾದರೂ ಕೂಗಿದರೆ ಕೈ ಮಾತ್ರ ಹೊರಗೆ ಚಾಚಿ ವಾಚು ತೆಗೆದುಕೊಂಡೆ.

ಆಗಸ್ಟ್ 26, ಶುಕ್ರವಾರ

ಮೂರು ವಾಚು. ಒಂದು ಮಾತೂ ಆಡಲಿಲ್ಲ.

ಆಗಸ್ಟ್ 29, ಸೋಮವಾರ

ರೈಲ್ವೆ ಕ್ವಾರ್ಟರ್ಸಿನಿಂದ ಹನ್ನೊಂದು ವರ್ಷದ ಒಂದು ಹುಡುಗಿ ಬಂದಳು, ಹೆಸರು ಶ್ರೇಯಾ. ಜೊತೆಗೆ ಅವಳ ಅಜ್ಜಿ ಲೀಲಮ್ಮ. ಶ್ರೇಯಾಳ ಅಪ್ಪ ಸಿಗ್ನಲ್ ವಿಭಾಗದ ಎಂಜಿನಿಯರು, ಹೋದ ವರ್ಷ ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾಗಿ ಬಂದವರು. ಅವರು ತಮ್ಮತಮ್ಮಲ್ಲಿ ಕನ್ನಡದಲ್ಲಿ ಮಾತಾಡುವುದು ಪರದೆಯ ಹಿಂದಿನಿಂದ ಕೇಳಿ ಮೈ ಜುಮ್ಮೆಂದಿತು.

ಹುಡುಗಿಯ ಕೈಯಲ್ಲಿ ಅಂಗೈಯಗಲದ ವೀಡಿಯೊ ಗೇಮ್ ಇತ್ತು. ಅದರ ಬೆನ್ನಿಗೆ ಸಿಕ್ಕಿಸುವ ಕಂದು ಬಣ್ಣದ ಕ್ಯಾಸೆಟ್ಟನ್ನು ತೆಗೆದು ಕೊಟ್ಟಳು. ಝೂಮೋರಾ ಎಂಬ ಆಟವಂತೆ. ಒಂದು ದ್ವೀಪವೆಲ್ಲ ತಿರುಗಿ ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಕುಸ್ತಿಗೆ ಬಿಡಬೇಕು.

"ಅಕ್ಕಾ, ಇದರೊಳಗಿನ ಗಡಿಯಾರ ನಿಂತೈತಿ. ಹಗಲು ಆದ್ರೂ ರಾತ್ರಿ ಅಂತ ತೋರಿಸ್ತದ. ಸೆಲ್ ಹಾಕಿ ಕೊಡ್ರಿ."

ಬಿಚ್ಚಿ ನೋಡಿದೆ. ಒಳಗಿನ ಸೆಲ್ ನಮ್ಮ ವಾಚಿನದಕ್ಕಿಂತ ಸ್ವಲ್ಪ ದೊಡ್ಡದು, ಬೆಸುಗೆ ಹಾಕಿ ಕೂರಿಸಿದ್ದರು. ಮಾವ ಮೊದಲ ದಿನ ಕಲಿಸಿದ ಪಾಠ: "ಮೊದಲು ಹಳೇ ಸೆಲ್ ತೆಗಿ, ಆಮೇಲೆ ಮಿಕ್ಕಿದ್ದು." ಸತ್ತ ಸೆಲ್ ಒಳಗೆ ಒಂದು ಗಳಿಗೆಯೂ ಇರಬಾರದು, ಒಸರಿ ಎಲ್ಲ ತಿಂದುಹಾಕುತ್ತದೆ. ತೆಗೆದೆ. ಜಾಗ ಒರೆಸಿದೆ. ಹೊಸದನ್ನು ಬೆಸೆದೆ. ಬೆಸುಗೆ ಕನ್ನಡಿಯ ಹಾಗೆ ಹೊಳೆಯಿತು. ಮಾವನಿಗೂ ಅಷ್ಟು ಚೆನ್ನಾಗಿ ಬರುವುದಿಲ್ಲ ಅನ್ನಿಸಿತು.

ನಾಳೆ ತೆಗೆದುಕೊಂಡು ಹೋಗುತ್ತಾರೆ.

ಆಗಸ್ಟ್ 30, ಮಂಗಳವಾರ

ಶ್ರೇಯಾ ಕ್ಯಾಸೆಟ್ ಸಿಕ್ಕಿಸಿ ಗುಂಡಿ ಒತ್ತಿದಳು. ಬಹಳ ಹೊತ್ತು ಆಟದ ಪರದೆ ನೋಡಿದಳು. ಇನ್ನೊಮ್ಮೆ ಒತ್ತಿದಳು.

"ಅಕ್ಕಾ, ಹೊಸ ಆಟ ಅಂತ ಬರಾಕ್ಹತ್ತೈತಿ. ನಂದು ಎಲ್ಲಿ?"

ನನಗೆ ಅರ್ಥವಾಗಲಿಲ್ಲ. ಅವಳು ಅಳುತ್ತಾ ಹೇಳಿದಳು. ಎರಡು ವರ್ಷ ಸಾಕಿದ ಪ್ರಾಣಿಗಳೆಲ್ಲ ಆ ಸೆಲ್ಲಿನ ಬಲದ ಮೇಲೆ ನೆನಪಿನಲ್ಲಿದ್ದವಂತೆ. ಅದರಲ್ಲಿ ಶರ್ಬತ್ ಎಂಬ ಮೀನು ಒಂದು. ಹುಬ್ಬಳ್ಳಿಯಲ್ಲಿ ಪಕ್ಕದ ಮನೆಯ ಗೆಳತಿ ಹಿನಾ ಊರು ಬಿಡುವಾಗ ಕೊಟ್ಟದ್ದು. ಇವಳು ಬದಲಿಗೆ ಗುಂಡ ಎಂಬ ತನ್ನ ಆಮೆಯನ್ನು ಅವಳಿಗೆ ಕೊಟ್ಟಿದ್ದಳು.

ಪರದೆಯ ಹಿಂದೆ ಹೋಗಿ ಕೂತೆ. ಅವರು ಹೋದದ್ದೂ ನೋಡಲಿಲ್ಲ.

ಗಡಿಯಾರಕ್ಕೆ ನೆನಪಿಲ್ಲ. ಸೆಲ್ ತೆಗೆದರೆ ನಿಲ್ಲುತ್ತದೆ, ಹಾಕಿದರೆ ಓಡುತ್ತದೆ, ಇನ್ನೊಂದು ಗಡಿಯಾರ ನೋಡಿ ಮುಳ್ಳು ತಿರುಗಿಸಿದರೆ ಆಯಿತು. ನಾನು ಇಡೀ ಲೋಕವೇ ಹಾಗೆ ಅಂದುಕೊಂಡಿದ್ದೆ.

ಸೆಪ್ಟೆಂಬರ್ 1, ಗುರುವಾರ

ಮಾವನಿಗೆ ಹೇಳಲಿಲ್ಲ.

ಸೆಪ್ಟೆಂಬರ್ 3, ಶನಿವಾರ

ಲೀಲಮ್ಮಜ್ಜಿ ಒಬ್ಬರೇ ಬಂದರು. ಜಗಳಕ್ಕೆ ಬಂದರೆಂದು ಇನ್ನೂ ಒಳಕ್ಕೆ ಸರಿದೆ. ಅವರು ಪರದೆ ಸರಿಸಿ ಒಳಗೇ ಇಣುಕಿದರು.

"ಬಾಯಿ ಐತೇನು ನಿನಗ?"

ಇದೆ ಎಂದು ತಲೆ ಅಲ್ಲಾಡಿಸಿದೆ.

"ಇದ್ರ ಮಾತಾಡವಾ. ನಮ್ಮ ಹುಡುಗಿ ನಾಲ್ಕು ದಿನಾ ಆತು ಸರಿಯಾಗಿ ಉಂಡಿಲ್ಲ. ಅವರಪ್ಪ ಬೆಂಗಳೂರಿಂದ ಅದ ಆಟದ ಹೊಸಾದು ತಂದುಕೊಟ್ಟಾನ. ಮುಟ್ಟವಲ್ಲಳು. ಮತ್ತ ಮೊದಲಿಂದ ಯಾರು ಆಡ್ತಾರ ಅಂತಾಳ."

ಚೀಲದಿಂದ ಆಟದ ಡಬ್ಬಿ, ಹೊಸ ಕ್ಯಾಸೆಟ್ಟು, ಹಳೆಯ ಕ್ಯಾಸೆಟ್ಟು ಮೂರನ್ನೂ ತೆಗೆದು ನನ್ನ ಮುಂದೆ ಇಟ್ಟರು.

"ಕೆಡಿಸಿದಾಕಿ ನೀನ. ಅರ್ಧಾ ದಾರಿ ಆದ್ರೂ ನೀನ ಆಡಿ ಕೊಡು."

ತಮಾಷೆಗೆ ಅಂದರೋ ನಿಜಕ್ಕೂ ಅಂದರೋ ತಿಳಿಯಲಿಲ್ಲ. ನಾನು ಹೇಳಿದೆ: "ತಪ್ಪು ನನ್ನದೇ ಅಜ್ಜಿ. ಮಾವಂದಲ್ಲ. ಮಾವ ಅಂಗಡಿಗೇ ಬಂದಿಲ್ಲ."

ಅಪರಿಚಿತರೊಡನೆ ನಾನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಇದೇ ಮೊದಲಿರಬೇಕು. ಅಜ್ಜಿ ನಕ್ಕು, "ಐತಿ, ಬಾಯಿ ಐತಿ," ಎಂದು ಹೋದರು.

ಸೆಪ್ಟೆಂಬರ್ 5, ಸೋಮವಾರ

ಶ್ರೇಯಾ ಶಾಲೆ ಬಿಟ್ಟು ನೇರ ಅಂಗಡಿಗೆ ಬಂದಳು. ಮುಖ ಊದಿಕೊಂಡೇ ಇತ್ತು. ನಾನು ಆಟ ಶುರು ಮಾಡಲಾಗದೆ ಒದ್ದಾಡುವುದನ್ನು ಕಂಡು ತಡೆಯಲಾರದೆ ಪಕ್ಕಕ್ಕೆ ಬಂದು ಕೂತಳು.

ಹೊಸದು ಅಂದರೆ ಪೂರಾ ಹೊಸದಲ್ಲ. ಅದೇ ದ್ವೀಪ, ಅದೇ ಊರುಗಳು. ಮಾಡಿದವರೇ ಕೂತು ಇನ್ನೊಮ್ಮೆ ತಿದ್ದಿ, ಬಿಟ್ಟುಹೋದದ್ದನ್ನು ಸೇರಿಸಿ ಕೊಟ್ಟಿದ್ದಾರೆ. ಹಳೆಯದರಲ್ಲಿ ಮುಚ್ಚಿದ್ದ ಗುಹೆಗೆ ಇದರಲ್ಲಿ ದಾರಿ ಇದೆಯಂತೆ. ಪ್ರಾಣಿಗಳು ಕುಸ್ತಿಗೆ ಇಳಿಯುವಾಗ ಮೈ ಕೊಡವುತ್ತವೆ, ಹಳೆಯದರಲ್ಲಿ ಚಿತ್ರದ ಹಾಗೆ ನಿಂತಿರುತ್ತಿದ್ದವು. ಕೆಲಸ ಮುಗಿದ ಮೇಲೂ ಮತ್ತೆ ಬಿಚ್ಚಿ ತಿದ್ದುವವರು ಯಾರೋ, ಅವರ ಮೇಲೆ ನನಗೆ ಗೌರವ ಬಂತು.

ಮೊದಲೇ ಕೇಳುತ್ತದೆ, ನೀನು ಹುಡುಗನೋ ಹುಡುಗಿಯೋ ಎಂದು.

"ಹಳೇದ್ರಾಗ ಹುಡುಗ ಅಷ್ಟ ಇದ್ದ," ಎಂದಳು ಶ್ರೇಯಾ. "ಇದ್ರಾಗ ಹುಡುಗಿನೂ ಇಟ್ಟಾರ."

ಹುಡುಗಿಯನ್ನು ಒತ್ತಿದೆ. ಬೆನ್ನಿಗೆ ಚೀಲ, ಕಾಲಿಗೆ ಬೂಟು, ತಲೆ ಎತ್ತಿಕೊಂಡು ನಿಂತಿದ್ದಾಳೆ. ಆಮೇಲೆ ಹೆಸರು ಬರೆ ಅಂತು. ಇಂಗ್ಲಿಷ್ ಅಕ್ಷರ. ಶ್ರೇಯಾ ಒಂದೊಂದನ್ನೇ ತೋರಿಸಿದಳು, ನಾನು ಒತ್ತಿದೆ. ಗೋಮತಿ. ಇಂಗ್ಲಿಷಿನಲ್ಲಿ ನನ್ನ ಹೆಸರಿಗೆ ಏಳು ಅಕ್ಷರ.

ಸೆಪ್ಟೆಂಬರ್ 9, ಶುಕ್ರವಾರ

ನನ್ನ ಮೊದಲ ಪ್ರಾಣಿ ಒಂದು ಬೂದು ಬಣ್ಣದ ಬೆಕ್ಕಿನ ಹಾಗಿದೆ. ಕೂಗುವುದಿಲ್ಲ, ಹೊಡೆಯುವ ಮುನ್ನ ಸುಮ್ಮನೆ ನೋಡುತ್ತದೆ. ಅದಕ್ಕೆ ಮೂಗಿ ಎಂದು ಹೆಸರಿಟ್ಟೆ. ತಾಳವಾಡಿಯ ಶಾಲೆಯಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದರು.

ಆಟದಲ್ಲಿ ಬರೆದದ್ದು ನನಗೆ ಓದಲು ಬರುವುದಿಲ್ಲ, ಆದರೆ ಪ್ರಾಣಿ ಯಾವ ಏಟಿಗೆ ಹೇಗೆ ಕುಗ್ಗುತ್ತದೆಂದು ನೋಡಿ ನೆನಪಿಟ್ಟುಕೊಳ್ಳುತ್ತೇನೆ. ಗಡಿಯಾರದ ಹಲ್ಲು ಯಾವುದು ಸವೆದಿದೆ ಎಂದು ನೋಡುವ ಹಾಗೆ. ಆಟದಲ್ಲಿ ಊರಿಗೊಬ್ಬ ಕುಸ್ತಿ ಗುರು ಇದ್ದಾನೆ, ಅವನನ್ನು ಸೋಲಿಸಿದರೆ ಮುಂದಿನ ದಾರಿ. ಎರಡನೆಯ ಊರಿನ ಗುರುವನ್ನು ಶ್ರೇಯಾ ಬರುವುದರೊಳಗೇ ಸೋಲಿಸಿಬಿಟ್ಟಿದ್ದೆ.

"ಅಯ್ಯೋ ಅಕ್ಕಾ! ನಂಗ ಇವನ್ನ ಸೋಲಿಸಾಕ ಒಂದು ವಾರ ಹಿಡದಿತ್ತು!"

ಇಂದು ಅವಳು ನಾನು ತಂದಿದ್ದ ಇಡ್ಲಿಯಲ್ಲಿ ಎರಡು ತಿಂದಳು.

ಸೆಪ್ಟೆಂಬರ್ 14, ಬುಧವಾರ

ಪರದೆಯ ಹಿಂದೆ ಬೆಳಕು ಸಾಲದು, ಆಟದ ಚಿತ್ರ ಕಾಣುವುದಿಲ್ಲ. ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡೆ.

ಶ್ರೇಯಾ ದೊಡ್ಡ ಸುದ್ದಿ ತಂದಳು. ಹೊಸ ಆಟಕ್ಕೂ ಹಳೆಯ ಆಟಕ್ಕೂ ನಡುವೆ ತಂತಿ ಸಿಕ್ಕಿಸಿದರೆ ಪ್ರಾಣಿಗಳನ್ನು ಅದಲುಬದಲು ಮಾಡಿಕೊಳ್ಳಬಹುದಂತೆ. ಹಿನಾಳ ಹಳೆಯ ಕ್ಯಾಸೆಟ್ಟಿನಲ್ಲಿ ಗುಂಡ ಇನ್ನೂ ಇದ್ದಾನೆ. ಆಟದೊಳಗೆ ಪ್ರತಿ ಪ್ರಾಣಿಗೂ ಒಂದು ಚೀಟಿ ಇದೆ, ಅದರಲ್ಲಿ ಮೊದಲು ಸಾಕಿದವರ ಹೆಸರು ಇರುತ್ತದೆ, ಯಾರ ಕೈಗೆ ಹೋದರೂ ಅಳಿಸುವುದಿಲ್ಲ. ಗುಂಡನ ಚೀಟಿಯಲ್ಲಿ ಈಗಲೂ ಶ್ರೇಯಾ ಎಂದೇ ಇದೆ. ಅವಳು ಸಾಕಿದ್ದರಲ್ಲಿ ಲೋಕದಲ್ಲಿ ಉಳಿದಿರುವುದು ಅದೊಂದೇ.

ಹಿನಾಳ ಅಪ್ಪ ಇಲ್ಲಿನ ವರ್ಕ್‌ಶಾಪಿಗೆ ಏನೋ ಕೆಲಸದ ಮೇಲೆ ಬರುತ್ತಾರಂತೆ. ದಸರಾ ರಜೆಗೆ ಅವಳನ್ನೂ ಕರೆತರುತ್ತಾರೆ. ಅಕ್ಟೋಬರ್ ಎಂಟಕ್ಕೆ ಬರುತ್ತಾರೆ, ಒಂಬತ್ತಕ್ಕೆ ಹೋಗುತ್ತಾರೆ.

ಇಷ್ಟು ಹೇಳಿ ಶ್ರೇಯಾ ಹಳೆಯ ಕ್ಯಾಸೆಟ್ಟನ್ನು ಕೈಯಲ್ಲಿ ತಿರುಗಿಸಿದಳು. ಆಮೇಲೆ ಮೆಲ್ಲಗೆ, "ಅಕ್ಕಾ, ಹಿನಾಂದೂ ಗಡಿಯಾರ ನಿಂತೈತಂತ. ಒಮ್ಮೊಮ್ಮೆ ಆಟನ ತೆರಿಯಂಗಿಲ್ಲಂತ. ಇಬ್ಬರೂ ಒಂದ ದಿನ ಕೊಂಡಿದ್ವಿ," ಎಂದಳು.

ಅಂದರೆ ಆ ಸೆಲ್ಲೂ ಸಾಯುತ್ತಿದೆ. ಹೀಗೇ ತಂತಿ ಸಿಕ್ಕಿಸಿ ನಡುವೆ ಆಟ ನಿಂತರೆ ಗುಂಡ ದಾರಿಯಲ್ಲೇ ಹೋಗುತ್ತಾನೆ, ಅದಕ್ಕೆ ಮೊದಲೇ ಬದಲಾಯಿಸಬೇಕು. ಬದಲಾಯಿಸಿದರೆ ಗುಂಡನೂ ಹೋಗುತ್ತಾನೆ.

ಸೆಪ್ಟೆಂಬರ್ 15, ಗುರುವಾರ

ಮಾವನಿಗೆ ಎಲ್ಲ ಹೇಳಿದೆ. ಅವರು, "ನಾ ಇದ್ದಿದ್ರೂ ಅದನ್ನೇ ಮಾಡ್ತಿದ್ದೆ ಕಣ್ಣು," ಎಂದರು. ಜಾನಮ್ಮತ್ತೆ ಒಳಗಿನಿಂದ, "ಹಂಗಾದ್ರೆ ಇಬ್ಬರೂ ಸೇರಿ ಅಳಿ, ಸಾಂಬಾರಿಗೆ ಉಪ್ಪು ಬ್ಯಾಡ," ಎಂದರು. ಮೂವರೂ ನಕ್ಕೆವು. ಆದರೆ ದಾರಿ ಮಾವನಿಗೂ ತಿಳಿಯಲಿಲ್ಲ.

ಸೆಪ್ಟೆಂಬರ್ 20, ಮಂಗಳವಾರ

ಪಳನಿಸಾಮಿ ತಾತ ತಮ್ಮ ಹಳೆಯ ಕೀಲಿ ವಾಚು ತಂದರು. ಸಿಗ್ನಲ್ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ವಾಚಿಗೆ ಏನೂ ಆಗಿರುವುದಿಲ್ಲ, ಮಾತಾಡಲು ಬರುತ್ತಾರೆ. "ಎನ್ನ ಅಮ್ಮಿಣಿ, ವಾಚು ರಿಪೇರಿಯಾ, ವೆಳೆಯಾಟ್ಟಾ?" ಎಂದರು, ರಿಪೇರಿಯೋ ಆಟವೋ ಅಂತ. ನನ್ನ ಕೈಯಲ್ಲಿದ್ದ ವೀಡಿಯೊ ಗೇಮ್ ನೋಡಿ ನಕ್ಕರು.

ಹೇಗೂ ನಗುತ್ತಿದ್ದಾರೆ ಎಂದು ನಾನೇ ಕೇಳಿದೆ: ತಾತ, ನಿಮ್ಮ ಸಿಗ್ನಲ್ ದೀಪಕ್ಕೂ ಬ್ಯಾಟರಿ ಇತ್ತಲ್ಲ, ಹಳೆಯದು ತೆಗೆದು ಹೊಸದು ಹಾಕುವಾಗ ಏನು ಮಾಡುತ್ತಿದ್ದಿರಿ?

ತಾತನ ನಗು ನಿಂತಿತು. ಸ್ಟೂಲಿನ ಮೇಲೆ ನೆಟ್ಟಗೆ ಕೂತರು. ತಮಿಳಿನಲ್ಲಿ ಅವರು ಹೇಳಿದ್ದು ಇದು: "ಹಳೇದನ್ನ ಮೊದಲು ತೆಗೆಯೋನು ನಮ್ಮ ವರ್ಕ್‌ಶಾಪಲ್ಲಿ ಒಂದು ದಿನ ಉಳಿಯೋದಿಲ್ಲ ಅಮ್ಮಿಣಿ. ದೀಪ ಒಂದು ರೆಪ್ಪೆ ಬಡಿಯೋಷ್ಟು ಆರಿದರೂ ಎದುರಿಗೆ ರೈಲು ಇರುತ್ತೆ. ಹೊಸದನ್ನ ಪಕ್ಕದಲ್ಲೇ ಜೋಡಿಸು. ಎರಡೂ ಒಟ್ಟಿಗೆ ದೀಪ ಹೊರಲಿ. ಆಮೇಲೆ ಹಳೇದಕ್ಕೆ ಬಿಡುವು ಕೊಡು."

ನಾಲ್ಕು ವರ್ಷ ಕಲಿತ ಪಾಠಕ್ಕೆ ನೇರ ಉಲ್ಟಾ.

ಸೆಪ್ಟೆಂಬರ್ 21, ಬುಧವಾರ

ಶ್ರೇಯಾಳ ಹಳೆಯ ಕ್ಯಾಸೆಟ್ಟು ಹೇಗೂ ಖಾಲಿ. ಅದರ ಮೇಲೇ ಕಲಿಯುತ್ತೇನೆ. ಹತ್ತು ನಿಮಿಷ ಆಡಿ, ಉಳಿಸಿ, ಬಿಚ್ಚಿದೆ. ಎರಡು ಪೆನ್ಸಿಲ್ ಸೆಲ್ ಜೋಡಿಸಿ ಅದರಿಂದ ಎಳೆದ ತಂತಿಗಳನ್ನು ಒಳಗಿನ ಸೆಲ್ಲಿನ ಬೆಸುಗೆ ಇದ್ದ ಜಾಗಕ್ಕೆ ಬೆರಳಿನಲ್ಲೇ ಒತ್ತಿ ಹಿಡಿದೆ. ಸೆಲ್ ತೆಗೆಯುವಾಗ ಬೆರಳು ಜಾರಿತು. ಎಲ್ಲ ಹೋಯಿತು.

ಸೆಪ್ಟೆಂಬರ್ 23, ಶುಕ್ರವಾರ

ತಂತಿಯನ್ನು ಬೆಸೆದೇ ಮಾಡಿದೆ. ಆದರೂ ಹೋಯಿತು. ಯಾಕೆಂದು ತಿಳಿಯಲಿಲ್ಲ. ಶ್ರೇಯಾ ಉಗುರು ಕಚ್ಚುತ್ತಾ ಕೂತಿದ್ದಳು.

ಸೆಪ್ಟೆಂಬರ್ 26, ಸೋಮವಾರ

ತಾತನ ಮನೆಗೇ ಹೋಗಿ ಕೇಳಿದೆ. ಮಧ್ಯಾಹ್ನ ಮಲಗಿದ್ದವರನ್ನು ಎಬ್ಬಿಸಿದೆ. ಬೆಸುಗೆ ಕಡ್ಡಿ ಗೋಡೆಯ ಕರೆಂಟಿಗೆ ಸಿಕ್ಕಿಸಿಯೇ ಇತ್ತಾ ಎಂದು ಕೇಳಿದರು. ಇತ್ತು. ಅದರ ತುದಿಯಿಂದ ಕಾಣದ ಹಾಗೆ ಕರೆಂಟು ಒಸರಿ ನೆನಪನ್ನು ಕೊಂದಿರುತ್ತದೆ ಎಂದರು. ಕಡ್ಡಿ ಕಾಯಿಸು, ಪ್ಲಗ್ ಕೀಳು, ಆರುವ ಮೊದಲು ಮುಟ್ಟಿ ತೆಗೆ.

ಸ್ಕ್ರೂಗಳು ಹಲಗೆಯ ಮೇಲೆ ಉರುಳಿ ತೊಂದರೆ ಕೊಡುತ್ತಿದ್ದವು. ಪರದೆಯ ಬಟ್ಟೆ ದಪ್ಪಗಿದೆ. ಕತ್ತರಿಸಿ ಹಲಗೆಯ ಮೇಲೆ ಹಾಸಿದೆ. ಈಗ ಒಂದೂ ಉರುಳುವುದಿಲ್ಲ.

ಸೆಪ್ಟೆಂಬರ್ 28, ಬುಧವಾರ

ಉಳಿಯಿತು!

ಹತ್ತು ನಿಮಿಷ ಆಡಿ ಹಿಡಿದಿದ್ದ ಒಂದು ಪುಟಾಣಿ ಹುಳು, ಸೆಲ್ ಬದಲಾಯಿಸಿ ತೆರೆದರೆ ಅಲ್ಲೇ ಇತ್ತು. ಶ್ರೇಯಾ ಕಿರುಚಿದ್ದಕ್ಕೆ ಎದುರಿನ ಬೇಕರಿಯವರು ಹೊರಗೆ ಬಂದು ನೋಡಿದರು. ನಾನೂ ಕಿರುಚಿದೆನಂತೆ. ಇರಲಾರದು.

ಅಕ್ಟೋಬರ್ 4, ಮಂಗಳವಾರ

ಇದುವರೆಗೆ ಆರು ಬಾರಿ ಮಾಡಿದೆ. ಆರು ಬಾರಿಯೂ ಹುಳು ಉಳಿಯಿತು. ಏಳನೆಯದನ್ನು ಮಾಡುವಾಗ ನಡುವೆ ಒಬ್ಬರು ವಾಚು ಹಿಡಿದು ಅವಸರ ಮಾಡಿದರು. ಐದು ನಿಮಿಷ ಕೂತಿರಿ ಎಂದೆ. ಕೂತರು. ಹುಳುವೂ ಉಳಿಯಿತು.

ಹೊಸ ಆಟದಲ್ಲಿ ಎಂಟನೆಯ ಗುರುವೂ ಸೋತ. ಕೊನೆಯ ಏಟು ಮೂಗಿಯದು.

ಅಕ್ಟೋಬರ್ 8, ಶನಿವಾರ

ಇಂದಿನದನ್ನು ಪೂರ್ತಿ ಬರೆಯಬೇಕು.

ಹನ್ನೊಂದು ಗಂಟೆಗೆ ಬಂದರು. ಶ್ರೇಯಾ, ಲೀಲಮ್ಮಜ್ಜಿ, ಹಿನಾ, ಹಿನಾಳ ಅಪ್ಪ. ಹಿನಾ ಎತ್ತರದ ಹುಡುಗಿ, ಎರಡು ಜಡೆ. ತನ್ನ ಆಟವನ್ನು ಎದೆಗೆ ಅವುಚಿಕೊಂಡಿದ್ದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಶ್ರೇಯಾಳಿಗೆ, "ನಿಂದು ಅಳಿಸಿದ್ದು ಇವರೇನಾ?" ಎಂದಳು.

"ಹೌದು, ನಾನೇ," ಎಂದೆ. "ನನ್ನ ಕೈಯಲ್ಲಿ ಒಂದು ಸಲ ಹೋಗಿದೆ. ಕಲಿಯುವಾಗ ಎರಡು ಸಲ ಹೋಗಿದೆ. ಏಳು ಸಲ ಉಳಿದಿದೆ. ಕೊಡುವುದೂ ಬಿಡುವುದೂ ನಿನ್ನಿಷ್ಟ."

"ಏಳಕ್ಕ ಮೂರು," ಎಂದು ಹಿನಾ ಬೆರಳು ಮಡಚಿದಳು. "ಮೊದಲು ಯಾವ್ದು, ಕೆಟ್ಟಿದ್ದಾ, ಉಳದಿದ್ದಾ?"

"ಕೆಟ್ಟದ್ದೆಲ್ಲ ಮೊದಲು."

ಕೊಟ್ಟಳು.

ಅಷ್ಟರಲ್ಲಿ ಮಾವ ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆಯ ಕೈ ಹಿಡಿದು ಬಂದರು. ಪಳನಿಸಾಮಿ ತಾತನೂ ಬಂದರು, ಇಂದು ವಾಚಿನ ನೆಪವೂ ಇರಲಿಲ್ಲ. ಇಷ್ಟು ಜನರ ಮುಂದೆ ನಾನು ಎಂದೂ ಕೆಲಸ ಮಾಡಿಲ್ಲ.

ಬಿಚ್ಚಿದೆ. ಹಳೆಯ ಸೆಲ್ಲಿನ ಸುತ್ತ ಬಿಳಿ ಪುಡಿ ಕಟ್ಟಿತ್ತು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೆ. ಕಡ್ಡಿ ಕಾಯಿತು. ಪ್ಲಗ್ ಕಿತ್ತೆ. ಪೆನ್ಸಿಲ್ ಸೆಲ್ಲಿನಿಂದ ಎಳೆದ ಮೊದಲ ತಂತಿ ಕೂತಿತು. ಎರಡನೆಯದು ಪುಡಿಯ ಮೇಲೆ ಕಚ್ಚಲಿಲ್ಲ. ಕೆರೆದೆ. ಮತ್ತೆ ಕಾಯಿಸಿದೆ, ಮತ್ತೆ ಕಿತ್ತೆ. ಪುಡಿ ಕಂಡು ಮಾವನಿಗೆ ತಡೆಯಲಾಗಲಿಲ್ಲ. "ಒಸರಿದೆ ಕಣ್ಣು, ಮೊದಲು ಹಳೇ ಸೆಲ್..." ಎಂದು ಶುರು ಮಾಡಿದರು.

"ಮಾವಾ, ಈಗ ಯಾರೂ ಮಾತಾಡಬೇಡಿ," ಎಂದೆ.

ತಂತಿ ಕಚ್ಚಿತು. ಎಳೆದು ನೋಡಿದೆ, ಬರಲಿಲ್ಲ. ಈಗ ಎರಡೂ ಒಟ್ಟಿಗೆ ಹೊರುತ್ತಿದ್ದವು. ಹಳೆಯ ಸೆಲ್ಲನ್ನು ಹಿಡಿದಿದ್ದ ತಗಡಿನ ಒಂದು ಕಿವಿ ಬಿಡಿಸಿದೆ, ಇನ್ನೊಂದು ಬಿಡಿಸಿದೆ, ಚಿಮಟದಲ್ಲಿ ಎತ್ತಿ ಪಕ್ಕಕ್ಕಿಟ್ಟೆ. ಹೊಸದನ್ನು ಕೂರಿಸಿದೆ. ಎಲ್ಲ ತಣಿಯುವವರೆಗೆ ಕಾದು, ಕೊನೆಗೆ ತಂತಿ ಬಿಡಿಸಿದೆ.

ಹಿನಾ ತಾನೇ ಸಿಕ್ಕಿಸಿ ಗುಂಡಿ ಒತ್ತಿದಳು. ನಾನು ಆಟದ ಪರದೆ ನೋಡಲಿಲ್ಲ, ಅವಳ ಮುಖ ನೋಡಿದೆ.

"ಅದಾವ," ಎಂದಳು. "ಎಲ್ಲಾ ಅದಾವ!"

ಎರಡು ಆಟಗಳ ನಡುವೆ ತಂತಿ ಸಿಕ್ಕಿಸಿದರು. ಒಂದು ಬರಬೇಕಾದರೆ ಒಂದು ಹೋಗಬೇಕು, ಸುಮ್ಮನೆ ಕೊಡಲು ಆಟ ಬಿಡುವುದಿಲ್ಲ. ಹೊಸ ಆಟದಲ್ಲಿದ್ದ ಪ್ರಾಣಿಗಳನ್ನೆಲ್ಲ ಹಿನಾ ನೋಡಿದಳು. ಹಳೆಯದರಲ್ಲಿ ಇರುವ ಜಾತಿಯವು ಮಾತ್ರ ಅವಳ ಕಡೆಗೆ ಹೋಗಬಲ್ಲವು. ಅವಳ ಬೆರಳು ಮೂಗಿಯ ಮೇಲೆ ನಿಂತಿತು.

"ಇದು ಬೇಕು. ಆದ್ರ ಮೂಗಿ ಅಂದ್ರ ಏನ್ರಿ, ಇಷ್ಟು ಜೋರ್ ಐತಿ! ಅಕ್ಕಾ, ನನ್ನ ಕಡೆ ಬಂದ ಮ್ಯಾಲೆ ಹೆಸರು ಬದಲು ಮಾಡಾಕ ಬರಂಗಿಲ್ಲ. ಮೊದಲು ಸಾಕಿದವರಿಗೆ ಅಷ್ಟ ಬರ್ತದ. ಈಗ ಚಂದಂದು ಒಂದು ಇಟ್ಟು ಕೊಡ್ರಿ."

ಎಲ್ಲರೂ ನನ್ನ ಕಡೆ ನೋಡಿದರು.

"ಬೇಡ. ಎಂಟು ಗುರುಗಳನ್ನು ಸೋಲಿಸಿದ್ದು ಆ ಹೆಸರಿನಲ್ಲೇ. ಅದೇ ಇರಲಿ."

ಮೂಗಿ ತಂತಿಯಲ್ಲಿ ಇಳಿದು ಹೋಯಿತು. ಆ ಕಡೆಯಿಂದ ಗುಂಡ ಬಂದ. ಹಳೆಯ ಆಟದಲ್ಲಿ ಚಿತ್ರದ ಹಾಗೆ ನಿಂತೇ ಇರುತ್ತಿದ್ದವನು ಹೊಸ ಆಟಕ್ಕೆ ಬಂದೊಡನೆ ಚಿಪ್ಪಿನಿಂದ ಕತ್ತು ಹೊರಗೆ ಚಾಚಿದ. ಶ್ರೇಯಾ ಚೀಟಿ ತೆರೆದು ಓದಿದಳು: ಮೊದಲು ಸಾಕಿದವರು, ಶ್ರೇಯಾ. ಓದಿ ನನ್ನ ಸೊಂಟ ಹಿಡಿದುಕೊಂಡುಬಿಟ್ಟಳು. ಇನ್ನು ಮುಂದೆ ತಾನೇ ಆಡುತ್ತಾಳಂತೆ. ಹಳೆಯದರಲ್ಲಿ ಮುಚ್ಚಿದ್ದ ಆ ಗುಹೆಯವರೆಗೆ ನಾನು ತಂದು ಬಿಟ್ಟಿದ್ದೇನೆ.

ಪಳನಿಸಾಮಿ ತಾತ ಮಾವನ ಭುಜ ತಟ್ಟಿ, "ರಂಗಸಾಮಿ, ಇವಳು ನಮ್ಮ ವರ್ಕ್‌ಶಾಪಿಗೆ ಸೇರಬೇಕಾದವಳು," ಎಂದರು. "ಯಾಕೆ, ನನ್ನ ಅಂಗಡಿಗೇನು ಕಮ್ಮಿ?" ಎಂದರು ಮಾವ.

ಮಾವನಿಗೆ ಬಾಯಿ ಮುಚ್ಚಿ ಎಂದದ್ದು ಈಗ ಬರೆಯುವಾಗ ನೆನಪಾಯಿತು. ನಾಳೆ ಕ್ಷಮೆ ಕೇಳಬೇಕು.

ಅಕ್ಟೋಬರ್ 9, ಭಾನುವಾರ

ಕ್ಷಮೆ ಕೇಳಿದೆ. "ಯಾವಾಗ ಅಂದೆ? ನಂಗೆ ಕೇಳ್ಲೇ ಇಲ್ವಲ್ಲ," ಎಂದರು.

ಅಕ್ಟೋಬರ್ 11, ಮಂಗಳವಾರ, ಆಯುಧಪೂಜೆ

ಬೆಳಿಗ್ಗೆ ಶ್ರೇಯಾ ಓಡಿ ಬಂದಳು. ಹುಬ್ಬಳ್ಳಿಯಿಂದ ಹಿನಾ ಫೋನ್ ಮಾಡಿದ್ದಳಂತೆ. ಅವರ ಓಣಿಯ ಹುಡುಗರನ್ನೆಲ್ಲ ಮೂಗಿ ಒಂದೇ ಸಂಜೆಗೆ ಮಣ್ಣು ಮುಕ್ಕಿಸಿದೆ. ಚೀಟಿ ತೆರೆದು ನೋಡಿ, ಈ ಗೋಮತಿ ಯಾರು ಎಂದು ಎಲ್ಲರೂ ಕೇಳುತ್ತಿದ್ದಾರಂತೆ.

ಇಂದು ಮಾವ ಹೊಸ ಕನ್ನಡಕದಲ್ಲಿ ಅಂಗಡಿಗೆ ಬಂದರು. ಚಿಮಟ, ಸ್ಕ್ರೂಡ್ರೈವರು, ಮಸೂರ, ಬೆಸುಗೆ ಕಡ್ಡಿ ಎಲ್ಲವನ್ನೂ ಒರೆಸಿ ಹಲಗೆಯ ಮೇಲೆ ಸಾಲಾಗಿ ಇಟ್ಟೆವು. ಮಾವ ಒಂದೊಂದಕ್ಕೂ ಚಂದನ ಕುಂಕುಮ ಹಚ್ಚಿದರು. ಪೂಜೆಗೆ ಇಟ್ಟ ಮೇಲೆ ನಾಳೆಯವರೆಗೆ ಮುಟ್ಟುವ ಹಾಗಿಲ್ಲ. ಕರ್ಪೂರ ಹಚ್ಚುವ ಮೊದಲು ಮಾವ ಸುತ್ತ ನೋಡಿ, "ಪರದೆ ಎಲ್ಲಿ ಕಣ್ಣು? ಹಬ್ಬದ ದಿನ ತೊಳೆದು ಕಟ್ಟಬೇಕಲ್ಲ," ಎಂದರು.

ನನಗೂ ಒಂದು ಕ್ಷಣ ಹೊಳೆಯಲಿಲ್ಲ.

"ಅದರ ಮೇಲೇ ಸಾಮಾನು ಇಟ್ಟಿದ್ದೀರಲ್ಲ ಮಾವ."

ಮಾವ ಬಗ್ಗಿ, ಹಲಗೆಗೆ ಹಾಸಿದ ಬಟ್ಟೆಯನ್ನು ಬೆರಳಿನಲ್ಲಿ ಸವರಿ ನೋಡಿದರು. ಗೋಡೆಗೆ ಒರಗಿಸಿದ್ದ ನನ್ನ ಹಳೆಯ ಸ್ಟೂಲನ್ನು ಎಳೆದುಕೊಂಡು ಒಳಗಡೆ, ಮೊದಲು ನಾನು ಕೂರುತ್ತಿದ್ದ ಜಾಗದಲ್ಲಿ ಕೂತರು.

ಆಗ ಒಬ್ಬರು ನಿಂತ ವಾಚು ಹಿಡಿದು ಬಂದು ರಂಗಸಾಮಿ ಇದ್ದಾರಾ ಎಂದರು. ಮಾವ ಏಳಲಿಲ್ಲ.

"ಇವತ್ತು ಪೂಜೆ ಅಣ್ಣಾ, ಸಾಮಾನು ಮುಟ್ಟುವುದಿಲ್ಲ," ಎಂದೆ. "ನಾಳೆ ಬೆಳಿಗ್ಗೆ ಬನ್ನಿ. ನಾನೇ ನೋಡುತ್ತೇನೆ."